ಈಬತ್ತಿಯ ತವರುಮನೆ

ಹೊಳೆವ್ವನ ಮೊಲಗಳಿಗೆ ಬೆಡಗು ಇದ್ದವು, ಮನುಷ್ಯರಿಗೆ ಇರುವಂತೆಯೇ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ ಎಂಬುದು ನಮ್ಮ ಕಡೆ ಯಾವ ಮನೆಯ ಹುಡುಗಿಗೂ ಗೊತ್ತು. ಅದನ್ನು ಮೊಲಗಳಿಗೂ ಹಚ್ಚಿದವಳು ಹಳೇ ಹುಬ್ಬಳ್ಳಿಯಲ್ಲಿ ಹೊಳೆವ್ವ ಒಬ್ಬಳೇ. ಅವಳ ಮೊದಲ ಮೂರು ಹೆಣ್ಣು ಮೊಲಗಳು ಎಲ್ಲೆಲ್ಲಿ ಹಡೆದವೋ ಅದೇ ಬೆಡಗಿನ ಹೆಸರು. ಬುಟ್ಟಿಯಲ್ಲಿ ಹಡೆದವಳ ಸಂತಾನ ಬುಟ್ಟಿಯವರು, ಅಡ್ಡ ಮಲಗಿಸಿದ್ದ ಒಡಕು ಮಣ್ಣಿನ ಹರವಿಯಲ್ಲಿ ಹಡೆದವಳದು ಹರವಿಯವರು, ಘಾಸಲೇಟ್ ಎಣ್ಣೆಯ ಖಾಲಿ ಡಬ್ಬಿಯಲ್ಲಿ ಹಡೆದವಳದು ಡಬ್ಬಿಯವರು. ಬುಟ್ಟಿಯ ಗಂಡು ಹರವಿಯ ಹೆಣ್ಣಿಗೆ, ಹರವಿಯ ಗಂಡು ಡಬ್ಬಿಯ ಹೆಣ್ಣಿಗೆ. ಒಂದೇ ಬೆಡಗಿನ ಗಂಡು ಹೆಣ್ಣು ಒಂದೇ ಗೂಡಿನಲ್ಲಿ ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು, ಮೊಲಗಳ ಮೇಲಲ್ಲ, ಗೂಡಿನ ಬಾಗಿಲು ಹಾಕಲು ಮರೆತ ಗಂಡನ ಮೇಲೆ.

ಮನುಷ್ಯರಿಗೆ ಬೆಡಗು ಅಪ್ಪನಿಂದ ಬರುತ್ತದೆ, ನಿನ್ನ ಮೊಲಗಳಿಗೆ ಮಾತ್ರ ಅವ್ವನಿಂದ ಯಾಕೆ ಎಂದು ಒಮ್ಮೆ ಕೇಳಿದೆ.

“ಅಪ್ಪ ಯಾರಂತ ನಾ ಒಬ್ಬಾಕಿ ನೋಡಿರ್ತೇನಿ ತಂಗಿ,” ಅಂದಳು. “ಅವ್ವ ಯಾರಂತ ಓಣಿ ಮಂದಿ ಎಲ್ಲಾ ನೋಡಿರ್ತಾರ. ನ್ಯಾಯ ಬಂದ್ರ ಸಾಕ್ಷಿ ಬೇಕಲ್ಲ?”

ಅವಳು ನಮ್ಮ ಎದುರು ಮನೆಯವಳು. ಐವತ್ತರ ಆಸುಪಾಸು, ಎತ್ತರದ ಆಳು. ಓಣಿಯಲ್ಲಿ ನೀರಿಗೆ ಹೊರಟರೂ ಕುರಿಹಿಂಡಿನ ಹಿಂದೆ ಹೊರಟಂತೆ ದೊಡ್ಡ ಹೆಜ್ಜೆ ಹಾಕುತ್ತಿದ್ದಳು. ತವರು ನವಲಗುಂದದ ಕಡೆಯ ಕುರುಬರ ಹಟ್ಟಿ. ಗಂಡ ಲಕ್ಕಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಕ್ವಾರ್ಟರ್ಸಿನ ಒಬ್ಬ ಡ್ರೈವರ್ ಸಾಹೇಬ ತನ್ನ ಸೀಮೆಗೆ ಹೊರಟಾಗ ಹಿತ್ತಲಿನ ಮೊಲಗಳನ್ನು ಏನು ಮಾಡುವುದೆಂದು ತಿಳಿಯದೆ, ಬುಟ್ಟಿಗೆ ತುಂಬಿ ಲಕ್ಕಪ್ಪನ ಕೈಯಲ್ಲಿ ಕೊಟ್ಟುಬಿಟ್ಟನಂತೆ. ಲಕ್ಕಪ್ಪ ತಂದಿದ್ದು ಆ ಸಂಜೆಯ ಊಟಕ್ಕೆ. ಹೊಳೆವ್ವ ಬುಟ್ಟಿ ಬಿಚ್ಚಿ, ಒಂದೊಂದನ್ನೂ ಎತ್ತಿ ಬೆನ್ನು ಒತ್ತಿ, ಹಲ್ಲು ನೋಡಿ, ಮೂರು ಹೆಣ್ಣು ಎರಡು ಗಂಡು ಎಂದು ಬೇರೆ ಮಾಡಿ, ಅವತ್ತು ಪುಂಡಿಸೊಪ್ಪಿನ ಪಲ್ಲೆ ಮಾಡಿ ಬಡಿಸಿದಳು. ಆ ಪುಂಡಿಪಲ್ಲೆಯ ಮಾತನ್ನು ಲಕ್ಕಪ್ಪ ಎಷ್ಟೋ ವರ್ಷ ಎಲ್ಲರ ಮುಂದೆ ಆಡಿ ತೋರಿಸುತ್ತಿದ್ದ.

ಆಮೇಲೆ ಅವನ ಕಣ್ಣಿಗೆ ಪೊರೆ ಬಂತು. ವರ್ಕ್‌ಶಾಪಿನ ಕೆಲಸ ಹೋಯಿತು. ಆಗ ಮನೆ ನಿಂತದ್ದು ಆ ಬುಟ್ಟಿಯ ಸಂತಾನದ ಮೇಲೆ. ಕ್ವಾರ್ಟರ್ಸಿನ ಬಟ್ಲರುಗಳು ಬಂದು ಗಂಡು ಮರಿಗಳನ್ನು ಕೊಂಡು ಒಯ್ಯುತ್ತಿದ್ದರು. ನಮ್ಮದು ಲಿಂಗ ಕಟ್ಟಿದ ಮನೆ. ಅತ್ತೆ ಮುರಿಗೆವ್ವ ಒಮ್ಮೆ, ಅವನ್ನೆಲ್ಲ ಎಲ್ಲಿ ಒಯ್ಯುತ್ತಾರೆ ಎಂದು ಕೇಳಿದರು. ಸಾಹೇಬರ ಮನೆಗೆ ಎಂದು ಹೊಳೆವ್ವ ಖರೇ ಮಾತನ್ನೇ ಹೇಳಿದಳು. ಅತ್ತೆ ಎರಡನೇ ಪ್ರಶ್ನೆ ಕೇಳಲಿಲ್ಲ. ಓಣಿಯಲ್ಲಿ ಕೂಡಿ ಬಾಳುವುದಕ್ಕೆ ಕೇಳದೆ ಬಿಟ್ಟ ಪ್ರಶ್ನೆಗಳೂ ಬೇಕಾಗುತ್ತವೆ.

ನಾನು ಹೊಳೆವ್ವನಿಗೆ ಹತ್ತಿರವಾದದ್ದು ನನ್ನ ಬಾಣಂತನದಲ್ಲಿ. ನನ್ನ ಅವ್ವ ನಾನು ಸಾಲಿಗೆ ಹೋಗುವಾಗಲೇ ತೀರಿಹೋಗಿದ್ದಳು. ಚೊಚ್ಚಲ ಹೆರಿಗೆಗೆ ಎಲ್ಲರೂ ತವರಿಗೆ ಹೋಗುತ್ತಾರೆ. ನನಗೆ ಹೋಗಲು ಮನೆ ಇರಲಿಲ್ಲ. ಎದುರು ಮನೆಯ ಹೊಳೆವ್ವ ತಾನಾಗಿಯೇ ಬಂದು, ಎಣ್ಣೆ ಬಟ್ಟಲು ಕೇಳಿ, ತಲೆಗೆ ಎಣ್ಣೆ ಒತ್ತಿ ನೀರು ಹಾಕಿದಳು. ಮರುದಿನವೂ ಬಂದಳು. ಹಂಗೇ ದಿನಾಲೂ ಬಂದಳು. ಅವತ್ತಿನಿಂದ ನನಗೆ ಅವಳು ಚಿಗವ್ವ. ಕೂಸನ್ನು ಎರೆದು ಹಾಕುವಾಗ ಅದರ ಬೆನ್ನನ್ನೂ ಮೊಲದ ಬೆನ್ನಿನಂತೆಯೇ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಅತ್ತೆಗೆ ಅದು ಸೇರುತ್ತಿರಲಿಲ್ಲ. ನನಗೆ ಧೈರ್ಯವೆನಿಸುತ್ತಿತ್ತು.

ತೊಟ್ಟಿಲು ಹಾಕುವ ದಿನ ಎಲ್ಲರೂ ಕುಲಾಯಿ, ಕುಂಚಿಗಿ, ಬೆಳ್ಳಿಯ ಕಡಗ ತಂದರು. ಹೊಳೆವ್ವ ಸೆರಗಿನಲ್ಲಿ ಒಂದು ಮೊಲ ತಂದಳು. ಬೂದಿ ಬಣ್ಣ, ಸಣ್ಣ ಮೈ, ಒಂದು ಕಿವಿ ತುಸು ಬಾಗಿದ್ದು, ಹರವಿಯವರ ಹೆಣ್ಣು. ಅವಳ ಗೂಡಿನಲ್ಲಿ ಡಬ್ಬಿಯವರ ಪೈಕಿ ಕರಿ-ಬಿಳಿ ಬಣ್ಣದ ದೊಡ್ಡ ಚೆಂದದ ಹೆಣ್ಣೊಂದಿತ್ತು. ಕೊಡುವುದಾದರೆ ಅದನ್ನು ಕೊಡಬಾರದಿತ್ತೇ ಎಂದು ನನ್ನ ಮನಸ್ಸಿಗೆ ಬಂದದ್ದು ಮುಖದ ಮೇಲೂ ಬಂದಿರಬೇಕು. ಅತ್ತೆಯ ಮುಖದಲ್ಲಿ ಬಂದದ್ದೇ ಬೇರೆ.

“ತೊಟ್ಟಲಕ್ಕ ಬೆಳ್ಳಿ ಕೊಡೂದು ಕೇಳೇನಿ, ಬಂಗಾರ ಕೊಡೂದು ಕೇಳೇನಿ. ಮೊಲಾ ಕೊಡೂದು ಎಲ್ಲಿ ಪದ್ಧತೀನವಾ ಹೊಳೆವ್ವಾ?”

“ಬೆಳ್ಳಿ ಮರಿ ಹಾಕಂಗಿಲ್ಲರಿ ಅಕ್ಕಾರ.”

ಹೆಂಗಸರೆಲ್ಲ ನಕ್ಕರು. ಅತ್ತೆಗೂ ನಗು ಬಂತು. ಅದನ್ನು ಮುಚ್ಚಲು ಅವರು ತೊಟ್ಟಿಲ ಹಗ್ಗ ಬಿಗಿ ಮಾಡುವವರಂತೆ ತಿರುಗಿಕೊಂಡರು.

ಆ ಪದ್ಧತಿ ಎಲ್ಲಿಯದೆಂದು ಹೊಳೆವ್ವ ಆಮೇಲೆ ನನಗೆ ಹೇಳಿದಳು. ಅವಳ ತಂದೆ ಮೈಲಾರಲಿಂಗಪ್ಪನ ಹಟ್ಟಿಯಲ್ಲಿ ಮದುವೆಯಾಗಿ ಹೋಗುವ ಹುಡುಗಿಗೂ, ಹಡೆದ ಹುಡುಗಿಗೂ ಒಂದು ಹೆಣ್ಣು ಕುರಿಯನ್ನು ಬಳುವಳಿ ಕೊಡುತ್ತಿದ್ದರು. ಕೊಡುವುದು ದೊಡ್ಡ ಕುರಿಯನ್ನಲ್ಲ, ಚೆಂದದ್ದನ್ನೂ ಅಲ್ಲ. ಹಿಂಡಿನಲ್ಲಿ ಎಲ್ಲಕ್ಕಿಂತ ನಂಬಿಗಸ್ತ ತಾಯಿಯ ಮಗಳನ್ನು. ಕೊಟ್ಟ ಮೇಲೆ ಅದನ್ನು ಎಂದೂ ತಿರುಗಿ ಕೇಳುವುದಿಲ್ಲ, ಎಂಥ ಬರಗಾಲ ಬಂದರೂ. ಹೊಳೆವ್ವನಿಗೆ ಮಕ್ಕಳಿರಲಿಲ್ಲ. ಅದಕ್ಕೇ ಓಣಿಯ ಹುಡುಗಿಯರೆಲ್ಲ ಅವಳ ಲೆಕ್ಕದಲ್ಲಿ ಹಟ್ಟಿಯ ಹೆಣ್ಣುಮಕ್ಕಳು. ನಮ್ಮ ಪಕ್ಕದ ಮನೆಯ ಇಮಾಮಬಿಯ ಮಗಳು ಅಬೀದಾ ಮದುವೆಯಾಗಿ ಕೇಶ್ವಾಪುರಕ್ಕೆ ಹೋದಾಗ ಬುಟ್ಟಿಯವರ ಹೆಣ್ಣೊಂದು ಟಾಂಗಾದಲ್ಲಿ ಅವಳ ಟ್ರಂಕಿನ ಪಕ್ಕ ಕುಳಿತು ಹೋಗಿತ್ತು.

“ಇದರವ್ವ ಬ್ಯಾಸಗ್ಯಾಗ ಆರು ಹಾಕ್ಯಾಳ, ಮಳಿಗಾಲದಾಗ ಆರು, ಥಂಡ್ಯಾಗೂ ಆರು,” ಎಂದು ಹೊಳೆವ್ವ ನನ್ನ ಮೊಲದ ಬಾಗಿದ ಕಿವಿ ಸವರಿದಳು. “ಆ ದೊಡ್ಡಾಕಿ ಒಮ್ಮೆ ಹನ್ನೊಂದು ಹಾಕಿದ್ಲು, ಮುಂದಿನ ಸರ್ತಿ ಒಂದು. ಮಂದಿ ಹನ್ನೊಂದನ್ನ ನೆನಪಿಡ್ತಾರ, ಒಂದನ್ನ ಮರೀತಾರ. ಬಿಸಲು, ಮಳಿ, ಮೇವಿನ ತ್ರಾಸು, ಏನ ಬಂದ್ರೂ ಹೊಟ್ಟಿ ಒಂದ ಸಮ ಇರೂದು, ಅದ ಬಲ.”

ಬೂದಿ ಎಂಬುದು ಅವಳಿಟ್ಟ ಹೆಸರು. ಮನೆಯೊಳಗೆ ಮುಸ್ಸಂಜೆ ಹೊತ್ತು ಬೂದಿ ಬೂದಿ ಎಂದು ಕರೆಯಬಾರದು ಎಂದು ಅತ್ತೆ ಕೂಗಾಡಿದರು. ಪೂಜೆಯ ಮುಂದೆ ಕೂತು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ ಮೊಲವನ್ನೊಮ್ಮೆ ನೋಡಿ, ಹಾಗಾದರೆ ಈಬತ್ತಿ ಅನ್ನಿರಿ, ಬಣ್ಣವೂ ಅದೇ, ಪುಣ್ಯವೂ ಬಂತು ಅಂದರು. ಹೆಸರಿಟ್ಟ ಮೇಲೆ ಮೊಲ ಅವರದಾಯಿತು. ಮೆಂತ್ಯದ ಕಡ್ಡಿ, ಗಜ್ಜರಿಯ ಸೊಪ್ಪು, ರೊಟ್ಟಿಯ ಅಂಚು ಎಲ್ಲ ಈಬತ್ತಿಯ ಪಾಲು.

ಅದು ನಮ್ಮ ಮನೆಯಲ್ಲಿ ಮೊದಲ ಸಲ ಹಡೆಯುವಾಗ ಹೊಳೆವ್ವ ನನ್ನನ್ನು ಕರೆದು ತೋರಿಸಿದಳು. ತನ್ನ ಎದೆಯ ತುಪ್ಪಳವನ್ನು ತಾನೇ ಬಾಯಿಂದ ಕಿತ್ತು ಕಿತ್ತು ಮರಿಗಳಿಗೆ ಹಾಸಿಗೆ ಮಾಡುತ್ತಿತ್ತು. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ನೋಡುತ್ತ ನಿಂತ ನನಗೆ ಎದೆ ತುಂಬಿ ಬಂತು. ಆದರೆ ಹಡೆದ ಮೇಲೆ ಅದು ದಿನಕ್ಕೊಮ್ಮೆ ಮರಿಗಳ ಹತ್ತಿರ ಹೋಗಿ ಹಾಲು ಕೊಟ್ಟು, ಉಳಿದ ಹೊತ್ತೆಲ್ಲ ಹಿತ್ತಲಲ್ಲಿ ಕಾಲು ಚಾಚಿ ಬಿದ್ದಿರುತ್ತಿತ್ತು. ಎಂಥ ಮೈಗಳ್ಳ ತಾಯಿ ಎಂದು ಅತ್ತೆ ಬೈದರು. ಅವರ ಜಾತಿಗೆ ಅಷ್ಟೇ ಸಾಕು ಎಂದು ಹೊಳೆವ್ವ ತಿಳಿಸಿ ಹೇಳಿದಳು. ರಾತ್ರಿ ಹಗಲು ಕೂಸು ಎದೆಗೆ ಜೋತುಬಿದ್ದಿದ್ದ ನನಗೆ ಅವತ್ತು ಮೊಲದ ಜಾತಿಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮರಿ ಆರು. ಎರಡನೇ ಸಲವೂ ಆರು. ಗಂಡು ಮರಿಗಳನ್ನು ಲಕ್ಕಪ್ಪ ಒಯ್ದ, ಹೆಣ್ಣು ಮರಿಗಳನ್ನು ಓಣಿಯವರು ಬೇಡಿ ಒಯ್ದರು.

ಇಷ್ಟು ಸ್ಪಷ್ಟವಾಗಿ ತಿಳಿದಿದ್ದ ಹೊಳೆವ್ವನಿಗೇ ಧಾರವಾಡದ ಪ್ರದರ್ಶನದಲ್ಲಿ ಕಣ್ಣು ಕೋರೈಸಿತು. ಅದು ಒಕ್ಕಲುತನದ ಪ್ರದರ್ಶನ. ನನ್ನ ಯಜಮಾನರು ನೀಲಕಂಠಪ್ಪನವರು ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಅಂಗಡಿಯ ಹತ್ತಿಯ ಮಾದರಿಯೂ ಅಲ್ಲಿಗೆ ಹೋಗುವುದಿತ್ತು, ಹಾಗಾಗಿ ನಾವೆಲ್ಲ ಕೂಡಿಯೇ ರೈಲಿನಲ್ಲಿ ಹೋದೆವು. ಹೊಳೆವ್ವ ಆ ಕರಿ-ಬಿಳಿಯ ದೊಡ್ಡ ಹೆಣ್ಣನ್ನು ಬುಟ್ಟಿಯಲ್ಲಿ ತಂದಿದ್ದಳು. ಅಲ್ಲಿ ಮೊಲಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರು. ಅವಳ ಮೊಲ ತೂಗಿ ಗೆದ್ದು ಒಂದು ಹಿತ್ತಾಳೆಯ ತಂಬಿಗೆ ಬಹುಮಾನ ಬಂತು. ಜನ ಚಪ್ಪಾಳೆ ತಟ್ಟಿದರು. ಅವಳ ಆಯುಷ್ಯದಲ್ಲಿ ಅವಳಿಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಬೆಳಗಾವಿ ಕಡೆಯ ಒಬ್ಬಾತ ಹಾಲಿನಂಥ ಬಿಳಿ ಮೊಲಗಳನ್ನು ತೂಗಿಸಲಿಕ್ಕಲ್ಲ, ಮಾರಲಿಕ್ಕೆ ತಂದಿದ್ದ. ಒಂದೊಂದೂ ಕರುವಿನ ಹಾಗೆ ಕುಳಿತಿತ್ತು. ಹೊಳೆವ್ವ ಬಹುಮಾನದ ಮೊಲವನ್ನು ಅವನಿಗೆ ಕೊಟ್ಟು, ಒಂದು ಗಂಡು ಎರಡು ಹೆಣ್ಣು ಬಿಳಿ ಮೊಲಗಳನ್ನು ಬದಲಿಗೆ ತಂದಳು. ಅವಕ್ಕೆ ಪ್ರದರ್ಶನದವರು ಎಂಬ ಹೊಸ ಬೆಡಗನ್ನೂ ಕೊಟ್ಟಳು. ಬಟ್ಲರುಗಳು ಹಿಗ್ಗಿದರು. ವರ್ಷ ತಿರುಗುವುದರಲ್ಲಿ ಅವಳ ಗೂಡುಗಳೆಲ್ಲ ಬಿಳಿ, ಅರೆಬಿಳಿ. ಸಣ್ಣ ಮೈಯ ಬೂದಿ ಬಣ್ಣದವೆಲ್ಲ ಒಂದೊಂದಾಗಿ ಹೊರಗೆ ಹೋದವು. ಬುಟ್ಟಿ ಬೆಡಗಿನ ಕಟ್ಟಕಡೆಯ ಗಂಡನ್ನು ಇಮಾಮಬಿ ಬೇಡಿ ಒಯ್ದು ನವಾಬ ಎಂದು ಹೆಸರಿಟ್ಟಳು. ಅದು ಅವಳ ಕಟ್ಟೆಯ ಮೇಲೆ ಒಣ ರೊಟ್ಟಿ ತಿನ್ನುತ್ತ ಹೋಗಿ ಬರುವವರನ್ನು ನೋಡುತ್ತಿತ್ತು.

ಲಕ್ಕಪ್ಪ ಪೊರೆಗಣ್ಣನ್ನು ಕಿರಿದು ಮಾಡಿ ಗೂಡುಗಳ ಕಡೆ ನೋಡಿ ನನ್ನ ಮುಂದೆ ಹೇಳುತ್ತಿದ್ದ: “ನೋಡವಾ ತಂಗಿ, ಬಿಳಿ ಸೊಸೀರು ಬಂದ ಮ್ಯಾಲ ಕರೀ ಗಂಡನ ಕಡೆ ಯಾರ ನೋಡ್ತಾರ? ನನ್ನೂ ಇಮಾಮಬಿ ಮನೀಗೆ ಕಳಸ್ತಾಳ ಕಾಣ್ತೇತಿ.”

“ಇಮಾಮಬಿ ಬುದ್ಧಿವಂತಿ,” ಹೊಳೆವ್ವ ಒಳಗಿನಿಂದಲೇ ಅಂದಳು. “ತಿನ್ನೂದು ನೋಡಿ ಒಲ್ಲೆ ಅಂತಾಳ.”

ಆ ವರ್ಷದ ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಾವೆಲ್ಲ ಮೊಲಗಳಿಗೆ ಕೆರೆಯ ಅಂಚಿನ ಹಸಿ ಹುಲ್ಲನ್ನೇ ತರುತ್ತಿದ್ದೆವು. ಯಾವಾಗಲೂ ನೆರಳಲ್ಲಿ ಆರಿಸಿ ಹಾಕುತ್ತಿದ್ದ ಹುಲ್ಲು ಆ ತಿಂಗಳು ಆರಲೇ ಇಲ್ಲ. ಮೊದಲು ಹೊಳೆವ್ವನ ಮನೆಯಲ್ಲಿ ಒಂದು ಬಿಳಿ ಮರಿ ಹೊಟ್ಟೆ ಉಬ್ಬಿ ಬಿತ್ತು. ಆಮೇಲೆ ಅದರ ಸಂಗಡಿಗರು. ಆಮೇಲೆ ದೊಡ್ಡವು. ಅಷ್ಟರಲ್ಲಿ ನಮ್ಮ ಈಬತ್ತಿಯೂ ಹೊಟ್ಟೆ ಡೊಳ್ಳಿನಂತಾಗಿ, ಕಿವಿ ತಣ್ಣಗಾಗಿ, ಮೂಲೆಗೆ ಬಿತ್ತು. ಅತ್ತೆ ಅಜವಾನದ ನೀರು ಕುದಿಸಿ, ನನ್ನ ಕೂಸಿನ ಒಳಲೆಯಿಂದಲೇ ಅದರ ಬಾಯಿಗೆ ಹನಿ ಹನಿ ಬಿಟ್ಟರು. ಎರಡು ದಿನ ಅದು ಹಾಗೇ ಬಿದ್ದಿತ್ತು. ಮೂರನೆಯ ದಿನ ಬೆಳಿಗ್ಗೆ ಎದ್ದು, ನಡುಗುತ್ತ ಹೋಗಿ, ಗೂಡಿನ ಬಾಗಿಲಿನ ಕಟ್ಟಿಗೆಯನ್ನು ಕಡಿಯತೊಡಗಿತು. ಹಸಿವಾಗಿತ್ತು. ಅತ್ತೆ ಅದರ ಹಣೆಗೂ ವಿಭೂತಿ ಹಚ್ಚಿದರು.

ಅದೇ ಅಜವಾನದ ನೀರನ್ನು ಹೊಳೆವ್ವನೂ ಹಾಕಿದ್ದಳು. ಅವಳ ಬಿಳಿ ಮೊಲಗಳು ಬಿದ್ದವು ಏಳಲಿಲ್ಲ. ಅಷ್ಟು ಗೂಡುಗಳಲ್ಲಿ ಉಳಿದದ್ದು ಒಂದೇ, ಒಂದು ಅರೆಬಿಳಿ ಹೆಣ್ಣು ಮರಿ. ಅವಳು ಎಲ್ಲರ ಮುಂದೆ ಅಳಲಿಲ್ಲ. ಹಿತ್ತಲಲ್ಲಿ ಕುಣಿ ತೋಡಿ ಮುಚ್ಚಿದಳು, ಡಬ್ಬಿಗಳನ್ನೂ ಪೆಟ್ಟಿಗೆಗಳನ್ನೂ ತಿಕ್ಕಿ ತೊಳೆದು ಸುಣ್ಣ ಬಳಿದಳು, ಎಲ್ಲವನ್ನೂ ಬೋರಲು ಹಾಕಿದಳು. ಅಂಗಳದ ತುಂಬ ಡಬ್ಬಿಗಳು ಬೋರಲು ಬಿದ್ದಿದ್ದವು.

ನಾನು ಸಮಾಧಾನ ಹೇಳಲು ಹೋದ ದಿನ ಲಕ್ಕಪ್ಪ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಹೊಳೆವ್ವ ಜಿನ್ನಿಂಗ್ ಗಿರಣಿಗೆ ಹೋಗಿ ಕೆಲಸ ಕೇಳಿ ಬಂದಿದ್ದಾಳೆ, ಬರುವ ಹುಣ್ಣಿಮೆ ಮುಗಿದ ಮೇಲೆ ಹತ್ತಿ ಆರಿಸಲು ಹೋಗುತ್ತಾಳೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಬೆಳಗಾದರೆ ಹೊರಟು ದೀಪ ಹಚ್ಚುವ ಹೊತ್ತಿಗೆ ಬರುವ ಕೆಲಸ. ಆ ಧೂಳಿನಲ್ಲಿ ಅವಳ ಎದೆ ತಡೆಯುತ್ತದೆಯೇ ಎಂಬುದು ಅವನ ಚಿಂತೆ. ಇಡೀ ದಿನ ಒಬ್ಬನೇ ತಡವರಿಸುವ ತನ್ನ ಮಾತನ್ನು ಅವನು ಆಡಲಿಲ್ಲ. ಆ ಸಂಜೆ ಅವನು ತಮಾಷೆ ಮಾಡಲೇ ಇಲ್ಲ. ಅದರಿಂದಲೇ ನನಗೆ ವಿಷಯ ಎಷ್ಟು ದೂರ ಹೋಗಿದೆ ಎಂದು ತಿಳಿಯಿತು.

ಮನೆಗೆ ಓಡಿ ಈಬತ್ತಿಯನ್ನು ಎತ್ತಿಕೊಂಡು ಬಂದು ಒಳಗೆ ಕುಳಿತಿದ್ದ ಹೊಳೆವ್ವನ ಮಡಿಲಲ್ಲಿ ಇಟ್ಟೆ. ಅದರ ಬಳಗ ಓಣಿಯ ತುಂಬ ಇದೆ, ಎಲ್ಲ ಬಿದ್ದು ಎದ್ದಿವೆ, ತಗೋ, ಮತ್ತೆ ಶುರು ಮಾಡು ಅಂದೆ. ಹೊಳೆವ್ವ ಅದರ ಬೆನ್ನು ಸವರಿದಳು, ಹೊಟ್ಟೆ ಮುಟ್ಟಿ ನೋಡಿದಳು. ನವಾಬನ ಸಂಗ ಮಾಡಿ ಅದು ಆಗಲೇ ಬಸಿರಾಗಿತ್ತು. ಮುಖ ಒಂದು ಕ್ಷಣ ಅರಳಿತು. ಆಮೇಲೆ ಎತ್ತಿ ನನ್ನ ಕೈಗೇ ಕೊಟ್ಟಳು.

“ಬಳುವಳಿ ಕೊಟ್ಟದ್ದನ್ನ ತಿರುಗಿ ತಗೊಂಡ್ರ ನಮ್ಮಪ್ಪನ ಹಟ್ಟಿಗೆ ಹೆಸರು ಉಳೀತದೇನು ತಂಗಿ?”

ಹಾಗಾದರೆ ಮರಿಗಳನ್ನಷ್ಟೇ ತಗೋ ಅಂದೆ. ಅದರ ಹೊಟ್ಟೆಯಲ್ಲಿರುವುದೂ ನಿನ್ನದೇ ಅಂದಳು. ನನ್ನ ಯಜಮಾನರು ರಾತ್ರಿ ಊಟಕ್ಕೆ ಮೊದಲು ಹೋಗಿ, ಹೆಸರಿಗೆ ಒಂದು ಆಣೆ ಕೊಟ್ಟು ಕೊಂಡುಕೋ, ಆಗ ಅದು ದಾನವಾಗುವುದಿಲ್ಲ ಎಂದು ವ್ಯಾಪಾರದ ದಾರಿ ತೋರಿಸಿದರು. ಮಗಳ ಸಂಗಡ ವ್ಯಾಪಾರ ಮಾಡುವ ಜಾತಿ ನಮ್ಮದಲ್ಲ ಎಂದು ಅವರನ್ನೂ ಕಳಿಸಿದಳು. ಇಮಾಮಬಿ ನವಾಬನನ್ನು ಎತ್ತಿಕೊಂಡು ಹೋಗಿ ಅದೇ ಉತ್ತರ ಕೇಳಿ ಬಂದಳು.

ನಾನು ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ಹೇಳುತ್ತ ಕಣ್ಣು ಒರೆಸಿಕೊಂಡೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸಪ್ಪಳ ಜೋರಾಗುತ್ತ ಹೋಯಿತು. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಕೈ ತೊಳೆದು, ಹೊಸ ಬುಟ್ಟಿಯೊಂದನ್ನು ತೆಗೆದು, ಒಳಗೆ ಹುಲ್ಲು ಹಾಸಿ ಈಬತ್ತಿಯನ್ನು ಕೂಡಿಸಿದರು. ಮೇಲೆ ರವಿಕೆಗೆಂದು ಉಡಿಗೆ ಇಡುವ ಒಂದು ಕುಬಸದ ಕಣ, ಒಂದು ಕೊಬ್ಬರಿ ಬಟ್ಟಲು, ಬೆಲ್ಲದ ಚೂರು ಇಟ್ಟರು. ಸೆರಗು ಹೊದ್ದುಕೊಂಡು, ಬಾ ಎಂದು ನನ್ನನ್ನೂ ಕರೆದುಕೊಂಡು ಓಣಿ ದಾಟಿದರು. ಹೊಳೆವ್ವನ ಕಟ್ಟೆಯ ಮುಂದೆ ನಿಂತು, ನಾಲ್ಕು ಮನೆಗೆ ಕೇಳಿಸುವ ದನಿಯಲ್ಲಿ ಶುರು ಮಾಡಿದರು.

“ಏನವಾ ಹೊಳೆವ್ವಾ, ಮಗಳನ್ನ ಕೊಟ್ಟು ಕೈ ತೊಳಕೊಂಡ್ರ ಮುಗೀತೇನು? ಎರಡ ಸಲ ನಾನ ಬಾಣಂತನ ಮಾಡೇನಿ. ಈಗ ಮತ್ತ ಬಸರ ಅದಾಳ. ತವರು ಅನ್ನೂದು ಇಲ್ಲೇನು ಇದಕ್ಕ, ಎಲ್ಲಾ ನಾನ ಮಾಡ್ಬೇಕೇನು?”

ಓಣಿಯ ಬಾಗಿಲುಗಳು ತೆರೆದವು. ಹೊಳೆವ್ವ ಎದ್ದು ನಿಂತಳು. ಹೆಣ್ಣು ಕೊಟ್ಟವರು ಬೀಗಿತ್ತಿಯ ಈ ಮಾತಿಗೆ ಇಲ್ಲ ಎನ್ನುವುದು ಹೇಗೆ? ಬಳುವಳಿ ತಿರುಗಿ ತಗೊಳ್ಳುವುದು ಬೇರೆ. ಹಡೆಯಲು ಬಂದ ಮಗಳನ್ನು ಬಾಗಿಲಿನಿಂದ ತಿರುಗಿಸುವುದು ಬೇರೆ. ಮೊದಲನೆಯದಕ್ಕೆ ಹಟ್ಟಿಯಲ್ಲಿ ಎಷ್ಟು ಕೆಟ್ಟ ಹೆಸರೋ ಎರಡನೆಯದಕ್ಕೆ ಅದರ ಹತ್ತರಷ್ಟು.

“ಬಾಣಂತನ ಮಾಡೋಣರಿ ಅಕ್ಕಾರ,” ಎಂದಳು ಕಡೆಗೆ. “ಮರಿ ಕಣ್ಣು ಬಿಟ್ಟ ಮ್ಯಾಲ ನಿಮ್ಮ ಮನೀಗೆ ಮುಟ್ಟಸ್ತೇನಿ.”

“ಅವ್ವನ್ನ ಮುಟ್ಟಸು. ಮರಿಗೋಳನ್ನ ಸಾಕಾಕ ನನಗ ಪುರುಸೊತ್ತಿಲ್ಲ. ಅಜ್ಜಿ ಮನ್ಯಾಗ ಮೊಮ್ಮಕ್ಕಳು ಬೆಳೆಯೂದು ನಿಮ್ಮ ಹಟ್ಟ್ಯಾಗ ಇರಲಿಲ್ಲೇನು?”

ಲಕ್ಕಪ್ಪ ಕಟ್ಟೆಯ ಮೇಲಿಂದ, ಇತ್ತರಿ ಅಕ್ಕಾರ, ನಾನ ಅಜ್ಜಿ ಮನ್ಯಾಗ ಬೆಳದಾಂವ ಅಂದ. ಹೊಳೆವ್ವ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ, ಸೆರಗು ಮುಖಕ್ಕೆ ಹೋಗಿತ್ತು. ಆಮೇಲೆ ಅಂಗಳಕ್ಕೆ ಇಳಿದು, ಬೋರಲು ಬಿದ್ದಿದ್ದ ಒಂದು ಡಬ್ಬಿಯನ್ನು ನೆಟ್ಟಗೆ ಮಾಡಿದಳು.

ಈ ದಾರಿ ತೆರೆದದ್ದೇ ತಡ, ಓಣಿಯ ಬಸಿರು ಮೊಲಗಳೆಲ್ಲ ತವರಿಗೆ ಹೊರಟವು. ಇಮಾಮಬಿ ಕೇಶ್ವಾಪುರಕ್ಕೆ ಹೇಳಿ ಕಳಿಸಿದಳು. ಅಬೀದಾ ತಾನೇ ಏಳು ತಿಂಗಳ ಬಸುರಿ, ಹೇಗೂ ಅವ್ವನ ಮನೆಗೆ ಬರುವವಳಿದ್ದಳು. ಟಾಂಗಾದಿಂದ ಮೊದಲು ಮೊಲದ ಬುಟ್ಟಿ ಇಳಿಯಿತು, ಆಮೇಲೆ ಅಬೀದಾ ಇಳಿದಳು. ಇಬ್ಬರಲ್ಲಿ ಯಾರ ಬಾಣಂತನಕ್ಕೆ ಬಾಡಿಗೆ ಹಿಡಿಯಲಿ ಎಂದು ಟಾಂಗಾದವನು ಕೇಳಿದನಂತೆ. ಈ ಮಾತು ಓಣಿಯಲ್ಲಿ ಒಂದು ವಾರ 
ಓಡಾಡಿತು.

ಹೊಳೆವ್ವ ಆಗ ತನ್ನ ಹಳೆಯ ಸ್ವಭಾವಕ್ಕೆ ಬಂದಳು. ಹೆಣ್ಣು ನೋಡಲು ಬಂದ ಹಿರಿಯಳಂತೆ ಕೂತು, ಒಬ್ಬೊಬ್ಬಳನ್ನೂ ವಿಚಾರಿಸಿದಳು. ಇದು ಎಷ್ಟು ಸಲ ಹಡೆದಿದೆ, ಹೆಚ್ಚೆಂದರೆ ಎಷ್ಟು, ಕಡಿಮೆ ಎಂದರೆ ಎಷ್ಟು, ಮಳೆಯಲ್ಲಿ ಬಿದ್ದಿತ್ತೇ, ಎದ್ದಾಗ ಮೊದಲು ಏನು ತಿಂದಿತು. ಅಬೀದಾಳ ಮೊಲ ಐದು, ಆರು, ಐದು. ಇನ್ನೊಬ್ಬಳದು ಒಂಬತ್ತು, ಎರಡು, ಏಳು. ಅದನ್ನು ಒಳ್ಳೆ ಮಾತಿನಿಂದಲೇ ಮನೆಗೆ ಕಳಿಸಿದಳು. ಇಮಾಮಬಿಗೆ ತನ್ನ ನವಾಬ ಎಲ್ಲರಿಗಿಂತ ಗಟ್ಟಿ ಎಂಬ ಅಭಿಮಾನ. ರೋಗ ಅವನನ್ನು ಮುಟ್ಟಲೇ ಇಲ್ಲ, ಒಣ ರೊಟ್ಟಿ ಬಿಟ್ಟು ಹುಲ್ಲು ಮೂಸಲೇ ಇಲ್ಲ ಎಂದಳು.

“ನವಾಬ ಬೀಳಲಿಲ್ಲ ಖರೇ,” ಹೊಳೆವ್ವ ಅಂದಳು. “ಬೀಳದಾವನ ಬಲ ನನಗ ಗೊತ್ತಿಲ್ಲವಾ ಇಮಾಮಬಿ. ಬಿದ್ದು ಎದ್ದಾಕಿ ಬಲ ಗೊತ್ತೈತಿ.”

ಆದರೂ ನವಾಬನನ್ನು ಬಿಡಲಿಲ್ಲ. ಬೇರೆ ಗಂಡು ಇರಲಿಲ್ಲವಲ್ಲ. ಅವನ ಗಂಡುಮಕ್ಕಳಲ್ಲಿ ಈಬತ್ತಿಯ ಹೊಟ್ಟೆಯವರನ್ನು ಆರಿಸಿಟ್ಟುಕೊಂಡಳು. ಅವರು ಹರವಿಯವರಾದರು, ಅಬೀದಾಳ ಬುಟ್ಟಿಯವರ ಹೆಣ್ಣುಗಳಿಗೆ ವರ. ವರನ ಅಪ್ಪ ನವಾಬನೂ ಬುಟ್ಟಿಯವನೇ ಅಲ್ಲವೇ ಎಂದು ಲಕ್ಕಪ್ಪ ಕೆಣಕಿದ. ಆ ಮಾತು ಅವಳಿಗೂ ಕುಟುಕಿತು. ಅದಕ್ಕೇ ಮುಂದಿನ ಸಲ, ಹಿಂದೊಮ್ಮೆ ಅಮರಗೋಳಕ್ಕೆ ಬಳುವಳಿ ಕೊಟ್ಟಿದ್ದ ಡಬ್ಬಿಯವರ ಮನೆಯಿಂದ ಒಂದು ಗಂಡನ್ನು ಎರವಲು ಕರೆಸಿದಳು. ಅಳಿಯತನಕ್ಕೆ ಬಂದವನಿಗೆ ಮೂರು ಹೊತ್ತು ಗಜ್ಜರಿ ಸಿಕ್ಕಿತು.

ಉಳಿದಿದ್ದ ಅರೆಬಿಳಿ ಹೆಣ್ಣನ್ನು ತೆಗೆದುಹಾಕುತ್ತಾಳೆಂದು ನಾನು ಅಂದುಕೊಂಡಿದ್ದೆ. ಹೊಳೆವ್ವ ಅದನ್ನೂ ಇಟ್ಟುಕೊಂಡಳು. ಅಷ್ಟು ಜನರಲ್ಲಿ ಅವಳೊಬ್ಬಳು ಎದ್ದು ನಿಂತಳಲ್ಲ, ದೊಡ್ಡ ಮೈ ಇದ್ದದ್ದು ಅವಳ ತಪ್ಪೇ ಎಂದಳು. ಸೊರಗುರೋಗ ಬಿದ್ದ ಹತ್ತಿಯ ಹೊಲದಲ್ಲಿ ನಿಂತು ಉಳಿದ ಗಿಡದ ಬೀಜವನ್ನೇ ಮುಂದಿನ ಬಿತ್ತನೆಗೆ ಆರಿಸುತ್ತಾರೆ ಎಂದು ನನ್ನ ಯಜಮಾನರು ಅಂಗಡಿಯಲ್ಲಿ ಕೇಳಿದ ಮಾತು ಹೇಳಿದರು. ಹೊಳೆವ್ವ ಬಹಳ ಮನಸ್ಸಿಟ್ಟು ಕೇಳಿದಳು. ಬಿತ್ತುವುದಕ್ಕೆ ಮುಂಚೆ ಆ ಬೀಜವನ್ನು ಮತ್ತೆ ರೋಗದ ಹೊಲದಲ್ಲೇ ಹಾಕಿ ನೋಡುತ್ತಾರೋ ಹೇಗೆ ಎಂದು ಕೇಳಿದಳು. ಅವರು ವಿಚಾರಿಸಿ ಬಂದು ಹೌದು ಎಂದರು. ಅವತ್ತಿನಿಂದ ಇಬ್ಬರೂ ಹತ್ತಿ ಮತ್ತು ಮೊಲದ ಮಾತು ಕೂಡಿಸಿ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕೂರುವುದು, ಇತ್ತ ಮನೆಯಲ್ಲಿ ಅನ್ನ ಆರುವುದು.

ಹುಣ್ಣಿಮೆ ಬಂತು, ಹೋಯಿತು. ಗಿರಣಿಯ ಮುಕಾದಮ ಹೇಳಿ ಕಳಿಸಿದಾಗ, ಮನೆಯಲ್ಲಿ ಬಾಣಂತಿಯರಿದ್ದಾರೆ, ಬರಲಾಗುವುದಿಲ್ಲ ಎಂದು ಹೊಳೆವ್ವ ಉತ್ತರ ಕಳಿಸಿದಳು. ಎಷ್ಟು ಜನ ಎಂದು ಅವನು ಕೇಳಲಿಲ್ಲ, ಕೇಳಿದ್ದರೆ ಹೆದರುತ್ತಿದ್ದ.

ಬಟ್ಲರುಗಳು ತಿರುಗಿ ಬಂದರು, ಮರಿಗಳು ಸಣ್ಣವಾದವು ಎಂದು ಗೊಣಗಿದರು. ಸಣ್ಣವೇ, ಆದರೆ ಪ್ರತಿ ತಿಂಗಳೂ ಇರುತ್ತವೆ, ಬ್ಯಾಸಗಿಯಲ್ಲೂ ಇರುತ್ತವೆ ಎಂದಳು ಹೊಳೆವ್ವ. ಎರಡು ಬ್ಯಾಸಗಿ ಕಳೆದ ಮೇಲೆ ಅವರು ಗೊಣಗುವುದನ್ನು ಬಿಟ್ಟರು. ಹಿತ್ತಾಳೆಯ ತಂಬಿಗೆಯನ್ನು ಅವಳು ಮೂಲೆಗೆ ಹಾಕಲಿಲ್ಲ. ಮೊಲಗಳಿಗೆ ನೀರು ಹಾಕಲು ಅದು ಹದವಾಗಿತ್ತು.

ಇಷ್ಟೆಲ್ಲಕ್ಕಿಂತ ನನಗೆ ಹೆಚ್ಚು ನೆನಪಿರುವುದು ಈಬತ್ತಿ ಬಾಣಂತನ ಮುಗಿಸಿ ಮನೆಗೆ ಬಂದ ದಿನ. ಮರಿ ಆರೇ ಹಾಕಿತ್ತು, ಆರೂ ಅಜ್ಜಿಯ ಮನೆಯಲ್ಲಿ ಉಳಿದವು. ಹೊಳೆವ್ವ ಬುಟ್ಟಿಯಲ್ಲಿ ಎಳೆ ಕರಿಕೆ ಹುಲ್ಲು ತುಂಬಿ, ಈಬತ್ತಿಯನ್ನು ಕೂಡಿಸಿ, ಅತ್ತೆ ತಂದಿದ್ದ ಕುಬಸದ ಕಣದ ಬದಲಿಗೆ ಬೇರೊಂದು ಕಣವನ್ನಿಟ್ಟಳು. ಅದು ನಿನಗೆ ಎಂದಳು. ಒಬ್ಬ ಮಗಳಿಗೆ ಉಡಿ ತುಂಬಿ ಇನ್ನೊಬ್ಬಳನ್ನು ಬರಿಗೈಯಲ್ಲಿ ಕಳಿಸುವುದಕ್ಕಾಗುತ್ತದೆಯೇ ಎಂದು ಕೇಳಿದಳು. ನನ್ನ ತವರಿನಿಂದ ನನಗೆ ಬಂದ ಮೊದಲ ಕುಬಸ ಅದು. ಹಸಿರು ಬಣ್ಣದ್ದು, ಇನ್ನೂ ಇದೆ.

ನನ್ನ ಕೂಸು ಅಷ್ಟರಲ್ಲಿ ನಡೆಯಲು ಕಲಿತಿತ್ತು. ಬುಟ್ಟಿಯ ಹಿಡಿಕೆ ಹಿಡಿದು ಓಣಿ ದಾಟಿಸಿತು. ನಮ್ಮ ಹೊಸ್ತಿಲಲ್ಲಿ ಅತ್ತೆ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಈಬತ್ತಿಯ ಬೆನ್ನನ್ನು, ಹೊಳೆವ್ವ ಮಾಡುವ ಹಾಗೆಯೇ, ಬೆರಳಿನಿಂದ ಒತ್ತಿ ನೋಡಿದರು. ತವರಿನಲ್ಲಿ ಒಳ್ಳೆ ತಿನ್ನಿಸಿದ್ದಾರೆ ಎಂದು ಒಪ್ಪಿಕೊಂಡರು. ಆಮೇಲೆ ಎದುರು ಕಟ್ಟೆಯ ಕಡೆ ಮುಖ ಮಾಡಿದರು.

“ಹೊಳೆವ್ವಾ, ಮುಂದಿನ ಬಾಣಂತನ ನಮ್ಮ ಮನ್ಯಾಗ. ನನಗೂ ಮೊಮ್ಮಕ್ಕಳನ್ನ ನೋಡೂ ಆಸೆ ಇರೂದಿಲ್ಲೇನು?”

“ನಿಮಗ ಪುರುಸೊತ್ತಿಲ್ಲ ಅಂದಿದ್ರಲ್ಲರಿ ಅಕ್ಕಾರ.”

“ಈಗ ಆಗೇತಿ,” ಎಂದು ಅತ್ತೆ ಬುಟ್ಟಿ ಎತ್ತಿಕೊಂಡು ಒಳಗೆ ನಡೆದರು.